ಕರೆ ಎಲ್ಲಿ ದಾರಿ ತಪ್ಪಿತು? ಸಿಪ್ ಪ್ರಾಕ್ಸಿ ಮತ್ತು ರೂಟರ್ ನಡುವಿನ ದೋಷವನ್ನು ಹುಡುಕುವ ಕ್ರಮ

ಕೊಡಗಿನ ದೊಡ್ಡ ತೋಟಗಳಲ್ಲಿ ಕಾಫಿ ಒಣಗಿಸುವ ಕಣ ಒಂದು ಕಡೆ, ಪಲ್ಪರ್ ಮನೆ ಹೊಳೆಯ ಬದಿಗೆ, ಹೋಂಸ್ಟೇ ಗುಡ್ಡದ ಮೇಲೆ, ಕಚೇರಿ ಮಡಿಕೇರಿಯ ಪೇಟೆಯಲ್ಲಿ ಇರುವುದುಂಟು. ಇವನ್ನೆಲ್ಲ ಇಂಟರ್‌ನೆಟ್ ಫೋನುಗಳಿಂದ ಜೋಡಿಸಿ, ಕಚೇರಿಯ ರೂಟರ್ ಹಿಂದೆ ಸಿಪ್ ಪ್ರಾಕ್ಸಿಯೊಂದನ್ನು (ಸಿಪ್ ಎಂದರೆ ಇಂಟರ್‌ನೆಟ್ ಕರೆಗಳನ್ನು ಕೂಡಿಸುವ ನಿಯಮಾವಳಿ; ಪ್ರಾಕ್ಸಿ ಎಂದರೆ ಆ ಕರೆಗಳನ್ನು ಸೇರಬೇಕಾದಲ್ಲಿಗೆ ದಾಟಿಸುವ ಸರ್ವರ್) ಇಟ್ಟುಕೊಂಡವರನ್ನು ಮಳೆಗಾಲದಲ್ಲಿ ಕಾಡುವ ತೊಂದರೆಯೊಂದಿದೆ. ಮರ ಬಿದ್ದು ಕರೆಂಟು ಹೋಗುತ್ತದೆ. ಮರಳಿ ಬಂದ ಮೇಲೆ ಇಂಟರ್‌ನೆಟ್ ಸರಿಯಾಗಿಯೇ ಇರುತ್ತದೆ. ಆದರೆ ಸಿದ್ದಾಪುರದ ತೋಟದಿಂದ ರೈಟರ್ (ತೋಟದ ಗುಮಾಸ್ತ) ಮಾಡಿದ ಕರೆ ಅರ್ಧ ನಿಮಿಷ ದಾಟುತ್ತಿದ್ದಂತೆ ಕಡಿದುಹೋಗುತ್ತದೆ. ಇಂತಹ ದೋಷವನ್ನು ಪತ್ತೆ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಸಿಪ್ ಕರೆಗೆ ಎರಡು ದಾರಿಗಳಿವೆ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕರೆಯುವುದು, ರಿಂಗಾಗುವುದು, ಕೆಳಗಿಡುವುದು ಇವೆಲ್ಲ ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ (ಪೋರ್ಟ್ ಎಂದರೆ ಯಂತ್ರದ ಅಂಕಿ ಹಾಕಿದ ಬಾಗಿಲು), ಪ್ರಾಕ್ಸಿಯ ಮೂಲಕ ನಡೆಯುತ್ತವೆ. ಧ್ವನಿ ಮಾತ್ರ ಆರ್‌ಟಿಪಿ ಎಂಬ ಬೇರೆಯ ಹರಿವಿನಲ್ಲಿ, ಬೇರೆ ಪೋರ್ಟುಗಳಲ್ಲಿ, ಒಂದು ಫೋನಿನಿಂದ ನೇರವಾಗಿ ಇನ್ನೊಂದಕ್ಕೆ ಹೋಗಲು ನೋಡುತ್ತದೆ. ಪ್ರಾಕ್ಸಿ ಧ್ವನಿಯನ್ನು ಹೊರುವುದಿಲ್ಲ. ಆದ್ದರಿಂದ ರಿಂಗಾಗದ ಕರೆಗೂ, ರಿಂಗಾಗಿ ಮಾತು ಕೇಳಿಸದ ಕರೆಗೂ ಕಾರಣ ಒಂದೇ ಎಂದು ಭಾವಿಸಿ ಸೆಟ್ಟಿಂಗ್‌ಗಳನ್ನು ಬದಲಿಸುತ್ತಾ ಹೋದರೆ ಇದ್ದದ್ದೂ ಕೆಡುತ್ತದೆ.

ಯಾವುದನ್ನೂ ಮುಟ್ಟುವ ಮೊದಲು ಜಾಲದಲ್ಲಿ ಸಾಗುವ ಸಂದೇಶದ ತುಣುಕುಗಳಾದ ಪ್ಯಾಕೆಟ್‌ಗಳನ್ನು ನೋಡಿ. ಪ್ರಾಕ್ಸಿ ಇರುವ ಯಂತ್ರದಲ್ಲಿ ಎಸ್‌ಎನ್‌ಗ್ರೆಪ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡರೆ ಒಂದು ಕರೆಯ ಸಂದೇಶಗಳು ಏಣಿಯ ಮೆಟ್ಟಿಲುಗಳಂತೆ ಪರದೆಯ ಮೇಲೆ ಕಾಣಿಸುತ್ತವೆ: ಇನ್ವೈಟ್ (ಕರೆಯ ಆಹ್ವಾನ), 100 (ಪ್ರಯತ್ನಿಸುತ್ತಿದೆ), 180 (ರಿಂಗಾಗುತ್ತಿದೆ), 200 (ಒಪ್ಪಿಗೆ), ಕೊನೆಗೆ ಆಕ್ (ಒಪ್ಪಿಗೆ ತಲುಪಿತೆಂಬ ಮರುಸೂಚನೆ). ಇನ್ವೈಟ್ ಪ್ರಾಕ್ಸಿಗೆ ಬಂದೇ ಇಲ್ಲವಾದರೆ ದೋಷ ಅದಕ್ಕಿಂತ ಹಿಂದೆ, ಅಂದರೆ ಫೋನಿನಲ್ಲಿ ಅಥವಾ ರೂಟರ್‌ನ ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ (ಹೊರಗಿನಿಂದ ಬಂದದ್ದನ್ನು ಒಳಗಿನ ಯಂತ್ರಕ್ಕೆ ದಾಟಿಸುವ ಸೆಟ್ಟಿಂಗ್) ಇದೆ. ಪ್ರಾಕ್ಸಿಯಿಂದ ಹೊರಟ ಇನ್ವೈಟ್‌ಗೆ ಉತ್ತರವೇ ಬಾರದೆ 408 (ಕಾಲಮಿತಿ ಮೀರಿತು) ಕಂಡರೆ ಸಂದೇಶ ಮುಂದಿನ ಯಂತ್ರವನ್ನು ತಲುಪುತ್ತಿಲ್ಲ ಎಂದರ್ಥ.

ಕೆಲವು ಕಚೇರಿಗಳಲ್ಲಿ ರೂಟರ್ ತಾನೇ ಧ್ವನಿ ಗೇಟ್‌ವೇ ಆಗಿ, ಲ್ಯಾಂಡ್‌ಲೈನಿಗೂ ಸಿಪ್‌ಗೂ ಕೊಂಡಿಯಾಗಿರುತ್ತದೆ. ಅಲ್ಲಿ 404 (ಆ ಸಂಖ್ಯೆ ಸಿಗಲಿಲ್ಲ) ಬಂದರೆ ಎರಡೂ ಕಡೆ ಅಂಕಿಗಳು ಹೊಂದುತ್ತಿವೆಯೇ ಎಂದು ನೋಡಬೇಕು. ಹೊರಗಿನ ಕರೆಗೆಂದು ಒತ್ತಿದ 0ಯನ್ನು ಪ್ರಾಕ್ಸಿ ತೆಗೆದುಹಾಕಿ ಕಳುಹಿಸುತ್ತಿದ್ದು, ರೂಟರ್‌ನ ಡಯಲ್‌ ಪೀರ್ (ಯಾವ ಅಂಕಿಯ ಕರೆ ಎಲ್ಲಿಗೆ ಹೋಗಬೇಕೆಂಬ ನಿಯಮ) ಆ 0ಗಾಗಿಯೇ ಕಾಯುತ್ತಿದ್ದರೆ ಕರೆಗೆ ದಾರಿ ಸಿಗುವುದಿಲ್ಲ. ಇದಕ್ಕಿಂತ ವಿಚಿತ್ರವಾದದ್ದು 483, ಅಂದರೆ ಯಂತ್ರದಿಂದ ಯಂತ್ರಕ್ಕೆ ನೆಗೆತಗಳು ಮಿತಿ ಮೀರಿದವು ಎಂಬ ಉತ್ತರ. ಪ್ರಾಕ್ಸಿ ರೂಟರ್‌ಗೂ, ರೂಟರ್ ಮತ್ತೆ ಪ್ರಾಕ್ಸಿಗೂ ಅದೇ ಕರೆಯನ್ನು ದಾಟಿಸುತ್ತಿದ್ದರೆ, ಸಾಮಾನ್ಯವಾಗಿ 70ರಿಂದ ಆರಂಭವಾಗುವ ನೆಗೆತದ ಎಣಿಕೆ ಪ್ರಾಕ್ಸಿಯನ್ನು ಹಾದಾಗಲೆಲ್ಲ ಇಳಿಯುತ್ತಾ ಸೊನ್ನೆಗೆ ಬಂದು ಈ ಉತ್ತರ ಹೊರಡುತ್ತದೆ. ರೂಟರ್‌ನಿಂದ ಬಂದ ಕರೆಯನ್ನು ಅದಕ್ಕೇ ಹಿಂದಿರುಗಿಸಬಾರದೆಂಬ ಷರತ್ತನ್ನು ಪ್ರಾಕ್ಸಿಯಲ್ಲಿ ಬರೆಯುವುದೇ ಪರಿಹಾರ.

ಈಗ ಆ ಅರ್ಧ ನಿಮಿಷದ ವಿಷಯಕ್ಕೆ ಬರೋಣ. ಕರೆ 32 ಸೆಕೆಂಡಿನ ಆಸುಪಾಸಿನಲ್ಲಿ ಕಡಿಯುತ್ತಿದ್ದರೆ ಅದು ಕಾಕತಾಳೀಯವಲ್ಲ. ಫೋನ್ ಎತ್ತಿಕೊಂಡ ಕಡೆಯವರ ಯಂತ್ರ 200 ಎಂಬ ಒಪ್ಪಿಗೆಯನ್ನು ಕಳುಹಿಸಿ ಆಕ್‌ಗಾಗಿ ಕಾಯುತ್ತದೆ. ಆಕ್ ಬರುವವರೆಗೆ ಒಪ್ಪಿಗೆಯನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡು ಕಾದ ಮೇಲೆ ಕರೆಯನ್ನು ಕೈಬಿಡುತ್ತದೆ. 2002ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 3261 ಎಂಬ ಸಿಪ್ ಮಾನದಂಡದ ನಿಯಮವೇ ಹೀಗಿದೆ. ಹಾಗಾದರೆ ಆಕ್ ಹೋಗಿದ್ದೆಲ್ಲಿಗೆ? ಕರೆಂಟು ಬಂದ ಮೇಲೆ ಕಚೇರಿಯ ರೂಟರ್‌ಗೆ ಹೊಸ ಸಾರ್ವಜನಿಕ ಐಪಿ ವಿಳಾಸ ಸಿಕ್ಕಿರುತ್ತದೆ, ಆದರೆ ಪ್ರಾಕ್ಸಿಯ ಕಡತದಲ್ಲಿ, ಹೊರಗಿನವರಿಗೆ ಹೇಳಬೇಕಾದ ವಿಳಾಸವೆಂದು, ಹಳೆಯದನ್ನೇ ಬರೆದಿರಲಾಗುತ್ತದೆ. ತೋಟದ ಫೋನಿನ ಇನ್ವೈಟ್ ಕಚೇರಿಯ ಡೊಮೇನ್ ಹೆಸರನ್ನು ಹುಡುಕಿಕೊಂಡು ಹೊಸ ವಿಳಾಸಕ್ಕೇ ಬಂದು ರಿಂಗಾಗುತ್ತದೆ. ಆಕ್ ಮಾತ್ರ ರೆಕಾರ್ಡ್‌ ರೂಟ್ ಸಾಲಿನಲ್ಲಿ, ಅಂದರೆ ಮುಂದಿನ ಸಂದೇಶಗಳೂ ತನ್ನ ಮೂಲಕವೇ ಬರಲೆಂದು ಪ್ರಾಕ್ಸಿ ಬರೆಯುವ ಸಾಲಿನಲ್ಲಿ, ಇರುವ ಹಳೆಯ ವಿಳಾಸವನ್ನು ನಂಬಿ ಎಲ್ಲಿಗೋ ಹೋಗಿಬಿಡುತ್ತದೆ. ಮನೆ ಬದಲಿಸಿದವರು ಕಾಗದದ ತಲೆಯ ಮೇಲೆ ಹಳೆಯ ವಿಳಾಸವನ್ನೇ ಅಚ್ಚು ಹಾಕಿಸಿಕೊಂಡಿದ್ದರೆ ಆಗುವ ಪಾಡು ಇದು. ಎಸ್‌ಎನ್‌ಗ್ರೆಪ್‌ನಲ್ಲಿ ಆ ಸಾಲನ್ನು ತೆರೆದು ರೂಟರ್‌ನ ಈಗಿನ ವಿಳಾಸದೊಂದಿಗೆ ಹೋಲಿಸಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಸ್ಥಿರ ವಿಳಾಸವನ್ನು ಪಡೆಯುವುದು ಒಳ್ಳೆಯದು. ಸಿಗದಿದ್ದರೆ ವಿಳಾಸ ಬದಲಾದಾಗಲೆಲ್ಲ ಪ್ರಾಕ್ಸಿಯ ಕಡತವನ್ನು ತಿದ್ದಿ ಅದನ್ನು ಮರಳಿ ಚಾಲೂ ಮಾಡುವ ಸಣ್ಣ ಸ್ಕ್ರಿಪ್ಟ್ ಬೇಕಾಗುತ್ತದೆ.

ಒಬ್ಬರ ಮಾತು ಮಾತ್ರ ಕೇಳಿಸುವ ದೋಷವೂ ಇದರ ಸೋದರನೇ. ಸಂದೇಶದೊಳಗಿನ ಎಸ್‌ಡಿಪಿ ಭಾಗದಲ್ಲಿ ಧ್ವನಿ ಎಲ್ಲಿಗೆ ಬರಬೇಕೆಂಬ ವಿಳಾಸವಿರುತ್ತದೆ. ಅಲ್ಲಿ 192.168 ಅಥವಾ 10ರಿಂದ ಆರಂಭವಾಗುವ ಒಳಗಿನ ವಿಳಾಸ ಹಾಗೆಯೇ ಹೊರಗೆ ಹೋಗಿದ್ದರೆ ಆ ಕಡೆಯ ಫೋನ್ ಗಾಳಿಗೆ ಮಾತಾಡುತ್ತಿರುತ್ತದೆ. ಕಮೈಲಿಯೊ ಅಥವಾ ಓಪನ್‌ಸಿಪ್ಸ್ ಎಂಬ ಪ್ರಾಕ್ಸಿ ತಂತ್ರಾಂಶವನ್ನು ಬಳಸುವವರು ಜೊತೆಗೆ ಆರ್‌ಟಿಪಿ ಎಂಜಿನ್‌ನಂತಹ ಧ್ವನಿ ದಾಟಿಸುವ ತಂತ್ರಾಂಶವನ್ನು ಇಟ್ಟುಕೊಂಡು, ಅದಕ್ಕೆ ಕೊಟ್ಟ ಪೋರ್ಟುಗಳ ಸಾಲನ್ನು ರೂಟರ್‌ನಲ್ಲಿ ಪೂರ್ತಿಯಾಗಿ ತೆರೆಯಬೇಕು. ಸಾರ್ವಜನಿಕ ವಿಳಾಸ ಬದಲಾದಾಗ ಇಲ್ಲಿಯೂ ತಿದ್ದಬೇಕು. ರೂಟರ್‌ನಲ್ಲಿರುವ ಸಿಪ್ ಎಎಲ್‌ಜಿ ಎಂಬ ಸೌಲಭ್ಯವನ್ನು ಆಫ್ ಮಾಡಿಬಿಡಿ. ಅದು ಸಹಾಯ ಮಾಡುತ್ತೇನೆಂದು ವಿಳಾಸಗಳನ್ನು ತಾನೂ ತಿದ್ದಿ, ಪ್ರಾಕ್ಸಿ ತಿದ್ದಿದ್ದನ್ನು ಕೆಡಿಸುವುದೇ ಹೆಚ್ಚು.

ತೋಟದ ಫೋನಿನಿಂದ ಕರೆ ಹೋಗುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಅದಕ್ಕೆ ಕರೆ ಬರುವುದಿಲ್ಲ ಎಂದಾದರೆ ತೋಟದ ರೂಟರ್ ಸಿಪ್ ಸಂದೇಶಗಳು ಬರುವ, ಸುಮ್ಮನಿದ್ದ ಯುಡಿಪಿ ದಾರಿಯನ್ನು ಮುಚ್ಚಿರುತ್ತದೆ. ಫೋನಿನಲ್ಲಿ ಕೀಪ್‌ ಅಲೈವ್ ಅನ್ನು (ದಾರಿ ಮುಚ್ಚದಂತೆ ಆಗಾಗ ಕಳುಹಿಸುವ ಸಣ್ಣ ಸಂದೇಶ) 20ರಿಂದ 30 ಸೆಕೆಂಡಿಗೆ ಇಟ್ಟರೆ ಸಾಕು. ಇನ್ನು, ಪ್ರಾಕ್ಸಿಯನ್ನೇ ತೋಟದ 4ಜಿ ರೂಟರ್ ಹಿಂದೆ ಇಡುವ ಯೋಚನೆಯಿದ್ದರೆ ಆ ರೂಟರ್‌ನ ಹೊರಗಿನ ವಿಳಾಸವನ್ನು ಮೊದಲು ನೋಡಿ. ಅದು 100.64ರಿಂದ 100.127ರೊಳಗೆ ಇದ್ದರೆ ಒಂದೇ ಸಾರ್ವಜನಿಕ ವಿಳಾಸವನ್ನು ಸೇವಾದಾರರು ಹಲವರಿಗೆ ಹಂಚಿದ ಜಾಲದೊಳಗೆ ನೀವಿದ್ದೀರಿ; ನೀವು ಎಷ್ಟು ಪೋರ್ಟ್ ತೆರೆದರೂ ಹೊರಗಿನ ಕರೆ ಒಳಗೆ ಬಾರದು.

ತಿದ್ದಿದ ಮೇಲೆ ಪರೀಕ್ಷೆಯನ್ನು ಹೊರಗಿನಿಂದಲೇ ಮಾಡಬೇಕು. ಕಚೇರಿಯ ಎರಡು ಫೋನುಗಳ ನಡುವೆ ಮಾತಾಡಿ ಸರಿಯಾಯಿತೆಂದು ಏಳಬಾರದು. ತೋಟದಿಂದ ಕರೆ ಮಾಡಿ ಒಂದು ನಿಮಿಷ ದಾಟುವವರೆಗೆ ಮಾತಾಡಿ, ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ಕೆಳಗಿಡಿ. ಹತ್ತು ನಿಮಿಷ ಬಿಟ್ಟು ಕಚೇರಿಯಿಂದ ತೋಟಕ್ಕೆ ಕರೆ ಮಾಡಿ. ಅನಂತರ ಕಚೇರಿಯ ರೂಟರ್‌ನ ಪ್ಲಗ್ ಕಿತ್ತು, ಹೊಸ ವಿಳಾಸ ಸಿಕ್ಕಿತೆಂದು ಖಚಿತವಾದ ಮೇಲೆ, ಇಷ್ಟನ್ನೂ ಮೊದಲಿನಿಂದ ಮತ್ತೊಮ್ಮೆ ಮಾಡಿ ನೋಡಿ.