ಬ್ಯಾಟರಿ ಗಾಡಿಯ ಹಿಂದಿನ ಆಕ್ಸಲ್ ಆಯಿಲ್: ನನ್ನ ಅನುಭವ

ಶ್ರೀರಂಗಪಟ್ಟಣದ ಬಳಿ ಕಾವೇರಿ ದಂಡೆಯಲ್ಲಿರುವ ಒಂದು ರೆಸಾರ್ಟಿನ ಐದು ಗಾಲ್ಫ್ ಕಾರ್ಟುಗಳನ್ನು, ಅಂದರೆ ಬ್ಯಾಟರಿಯಿಂದ ಓಡುವ ಪುಟ್ಟ ಗಾಡಿಗಳನ್ನು, ನೋಡಿಕೊಳ್ಳುವ ಕೆಲಸಕ್ಕೆ ಸೇರುವ ಮೊದಲು ನಾನು ಮಂಡ್ಯದಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುತ್ತಿದ್ದೆ. ಟ್ರ್ಯಾಕ್ಟರಿನ ಹೌಸಿಂಗಿಗೆ (ಗೇರುಗಳನ್ನು ಮುಚ್ಚಿರುವ ಲೋಹದ ಗೂಡಿಗೆ) ಡಬ್ಬಗಟ್ಟಲೆ ಆಯಿಲ್ ಸುರಿದು ರೂಢಿಯಾಗಿದ್ದ ನನಗೆ, ಮುಕ್ಕಾಲು ಲೀಟರನ್ನೂ ಹಿಡಿಯದ ಈ ಪುಟ್ಟ ಆಕ್ಸಲ್ ಆಟದ ಸಾಮಾನಿನಂತೆ ಕಂಡಿತ್ತು.

"ಅಣ್ಣೋ, ಬ್ಯಾಟ್ರಿ ಗಾಡೀಗೂ ಆಯಿಲ್ ಆಕ್ಬೇಕಾ?" ಎಂದು ನನ್ನ ಜೊತೆಯ ಹುಡುಗ ಮೊದಲ ದಿನ ಕೇಳಿದ್ದ. ಬಹಳ ಮಂದಿ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಟೈರಿಗೆ ಗಾಳಿ ತುಂಬಿಸಿ, ಅಲ್ಲಿಗೆ ಸರ್ವಿಸ್ ಮುಗಿಯಿತೆಂದು ತಿಳಿಯುತ್ತಾರೆ. ಈ ಗಾಡಿಯಲ್ಲಿ ಎಂಜಿನ್ನಿಲ್ಲದಿದ್ದರೂ ಮೋಟಾರು ನೇರವಾಗಿ ಡಿಫರೆನ್ಷಿಯಲ್ಲಿಗೆ, ಅಂದರೆ ಹಿಂದಿನ ಎರಡು ಚಕ್ರಗಳಿಗೆ ತಿರುಗುವ ಬಲವನ್ನು ಹಂಚುವ ಗೇರುಗಳ ಜೋಡಣೆಗೆ, ಕೂಡಿಕೊಂಡಿರುತ್ತದೆ; ಅದರೊಳಗಿನ ದೊಡ್ಡ ಗೇರು ತಳದಲ್ಲಿ ನಿಂತ ಆಯಿಲಿನಲ್ಲಿ ಮುಳುಗಿ ತಿರುಗುತ್ತ, ಅದನ್ನೇ ಎರಚಿ ಬೇರಿಂಗುಗಳಿಗೆ ಮುಟ್ಟಿಸುತ್ತದೆ. ಮಟ್ಟ ಇಳಿದರೆ ಮೊದಲು ಒಣಗುವುದು ಬೇರಿಂಗುಗಳೇ.

ಮೊದಲ ಸಲ ನಾನೇ ತಪ್ಪಿದೆ. ಕೆಳಗೆ ನುಸುಳಲು ಅನುಕೂಲವೆಂದು ಹಿಂದಿನ ಚಕ್ರಗಳನ್ನಷ್ಟೇ ಜಾಕಿಯಿಂದ ಎತ್ತಿ, ಆಯಿಲಿನ ಮಟ್ಟ ನೋಡಲು ಹೌಸಿಂಗಿನಲ್ಲಿರುವ ತೂತಿನಲ್ಲಿ ಆಯಿಲ್ ಕಾಣುವವರೆಗೆ ತುಂಬಿದೆ. ಗಾಡಿ ಮುಂದಕ್ಕೆ ಬಾಗಿದ್ದರಿಂದ ಆಯಿಲ್ ಹಿಂಬದಿಯ ಆ ತೂತಿನಿಂದ ದೂರ ಸರಿದು ನಿಂತಿತ್ತು. ಆದ್ದರಿಂದ ಬೇಕಾದದ್ದಕ್ಕಿಂತ ಹೆಚ್ಚೇ ಒಳಗೆ ಹೋಯಿತು. ಕೆಲವು ವಾರಗಳಲ್ಲಿ ಅದು ಎಡಬದಿಯ ಆಕ್ಸಲ್ ಸೀಲಿನಿಂದ (ಆಯಿಲ್ ಹೊರಬರದಂತೆ ತಡೆಯುವ ಬಳೆಯಿಂದ) ಹೊರಬಂದು ಬ್ರೇಕ್ ಡ್ರಮ್ಮಿಗೆ ಇಳಿಯಿತು. ನದಿಯ ಕಡೆಗೆ ಇಳಿಯುವ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಗಾಡಿಯಲ್ಲಿ ನಾನೊಬ್ಬನೇ ಇದ್ದೆ, ಬೇಲಿಯ ಪೊದೆ ತಡೆಯಿತು. ಸೀಲಿನ ಜೊತೆಗೆ ಆಯಿಲ್ ಕುಡಿದಿದ್ದ ಬ್ರೇಕ್ ಶೂಗಳನ್ನೂ ಬದಲಿಸಬೇಕಾಯಿತು.

ಅಂದಿನಿಂದ ಮಟ್ಟವನ್ನು ನೋಡುವಾಗ ನಾಲ್ಕೂ ಚಕ್ರಗಳು ಸಮನೆಲದ ಮೇಲಿರಬೇಕು, ಎತ್ತಲೇಬೇಕಾದರೆ ಮುಂದೆಯೂ ಹಿಂದೆಯೂ ಒಂದೇ ಎತ್ತರಕ್ಕೆ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು ಎಂಬ ನಿಯಮ ಮಾಡಿಕೊಂಡಿದ್ದೇನೆ. ಕೀಲಿ ತೆಗೆದು, ಸೀಟಿನಡಿಯ ಸ್ವಿಚ್ಚನ್ನು 'ಟೋ' (ಗಾಡಿಯನ್ನು ಎಳೆದೊಯ್ಯುವ ಸ್ಥಿತಿ) ಕಡೆಗೆ ತಿರುಗಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಬ್ಯಾಟರಿಯ ನೆಗೆಟಿವ್ ವೈರನ್ನು ಬಿಚ್ಚುತ್ತೇನೆ. 48 ವೋಲ್ಟಿನ ಸಾಲಿನ ಮೇಲೆ ಸ್ಪಾನರ್ ಅಡ್ಡ ಬಿದ್ದರೆ ಏಳುವ ಕಿಡಿಯನ್ನು ಒಮ್ಮೆ ಕಂಡವರು ಕೈಯ ಉಂಗುರವನ್ನು ತಾವಾಗಿಯೇ ತೆಗೆದಿಡುತ್ತಾರೆ.

ಮೇಲಿನ ಮಟ್ಟದ ಬೋಲ್ಟು ಬಿಚ್ಚಿ ಬಂದ ಮೇಲೆಯೇ ತಳದ ಡ್ರೈನ್ ಬೋಲ್ಟಿಗೆ ಕೈ ಹಾಕಬೇಕು. ತುಂಬಬೇಕಾದದ್ದೂ ಆ ಮೇಲಿನ ತೂತಿನಲ್ಲೇ. ಆಯಿಲೆಲ್ಲ ಇಳಿದ ಮೇಲೆ ಆ ಮೇಲಿನ ಬೋಲ್ಟು ತುಕ್ಕು ಹಿಡಿದು ಕೂತಿದೆಯೆಂದು ಗೊತ್ತಾದರೆ ಗಾಡಿ ಇದ್ದಲ್ಲಿಯೇ ಉಳಿಯುತ್ತದೆ. ಬಿಚ್ಚುವ ಮೊದಲು ಸುತ್ತಲಿನ ಕೆಸರನ್ನು ತಂತಿ ಬ್ರಶ್ಶಿನಿಂದ ತೆಗೆಯಬೇಕು. ಮೇಲಿನ ತೂತಿನಿಂದ ಆಯಿಲ್ ಸಣ್ಣಗೆ ಜಿನುಗಿದರೆ, ಅಥವಾ ಬೆರಳಿಟ್ಟಾಗ ಅಂಚಿನಲ್ಲೇ ಅಂಟಿದರೆ, ಮಟ್ಟ ಸರಿಯಾಗಿದೆ ಎಂದರ್ಥ. ಬದಲಿಸುವುದಾದರೆ ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ ತಂದು ಆಯಿಲ್ ಬೆಚ್ಚಗಿರುವಾಗಲೇ ಇಳಿಸುತ್ತೇನೆ. ಆಗ ತಳದ ಪುಡಿಯೂ ಅದರೊಡನೆ ಹೊರಬರುತ್ತದೆ.

ಇಳಿದ ಆಯಿಲನ್ನು ಕೂಡಲೇ ಡಬ್ಬಕ್ಕೆ ಸುರಿಯದೆ ಬಿಳಿಯ ಟ್ರೇಯಲ್ಲಿ ಬಿಸಿಲಿಗೆ ಹಿಡಿದು ನೋಡುತ್ತೇನೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿದಾಗ ಅಭ್ರಕದ ಹುಡಿಯಂಥ ನವಿರಾದ ಹೊಳಪು ಕಂಡರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಗೇರನ್ನೋ ಬೇರಿಂಗನ್ನೋ ಬಿಚ್ಚಿ ನೋಡಬೇಕು. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಟ್ರೇಯಲ್ಲಿ ಆಡಿಸಿದರೆ ಕಬ್ಬಿಣದ ಚೂರೆಲ್ಲ ಅದಕ್ಕೆ ಅಂಟುತ್ತದೆ. ಒಂದು ಮಳೆಗಾಲದಲ್ಲಿ ಕೆ.ಆರ್.ಎಸ್.ನಿಂದ ನೀರು ಬಿಟ್ಟು ದಂಡೆಯ ದಾರಿ ಮುಳುಗಿದ್ದಾಗ ಚಾಲಕನೊಬ್ಬ ಆಕ್ಸಲ್ ಮುಳುಗುವಷ್ಟು ನೀರಿನಲ್ಲಿ ಗಾಡಿ ಓಡಿಸಿದ್ದ. ಬಿಸಿಯಾಗಿದ್ದ ಹೌಸಿಂಗು ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಸಡಿಲವಾದ ಸೀಲಿನಿಂದ ನೀರನ್ನು ಎಳೆದುಕೊಂಡಿತ್ತು; ಇಳಿಸಿದಾಗ ಬಂದದ್ದು ಹಾಲು ಹೆಚ್ಚಾದ ಕಾಫಿಯ ಬಣ್ಣದ ಗಸಿ. ನೀರು ಸ್ವಲ್ಪವೇ ಇದ್ದು ಅನುಮಾನವಾದರೆ ಬಿಸಿ ತಗಡಿನ ಮೇಲೆ ಒಂದು ಹನಿ ಬಿಡುತ್ತೇನೆ. ನೀರಿದ್ದರೆ ಚಟಚಟ ಸಿಡಿಯುತ್ತದೆ. ತಗಡು ಗ್ಯಾರೇಜಿನದಾಗಿರಲಿ, ದೋಸೆಯ ಕಾವಲಿ ಬೇಡ.

ನಮ್ಮ ಗಾಡಿಗಳು ಕ್ಲಬ್ ಕಾರ್ ಕಂಪನಿಯ ಬ್ಯಾಟರಿ ಮಾದರಿಗಳು. ಅವುಗಳ ಆಕ್ಸಲ್ಲಿಗೆ 30 ನಂಬರಿನ ಆಯಿಲ್ ಸುಮಾರು 650ರಿಂದ 670 ಮಿಲಿ ಹಿಡಿಯುತ್ತದೆ. ಬೇರೆ ಕಂಪನಿಯ ಗಾಡಿಗೆ ಅದರ ಪುಸ್ತಕ ಹೇಳಿದ ಅಳತೆಯನ್ನೇ ನಂಬಬೇಕು. ದಪ್ಪವಿದ್ದಷ್ಟೂ ಒಳ್ಳೆಯದೆಂದು 140 ನಂಬರ್ ತುಂಬುವ ಟ್ರ್ಯಾಕ್ಟರ್ ಬುದ್ಧಿ ಇಲ್ಲಿ ಸಲ್ಲದು. ಅದನ್ನು ಕಡೆಯುವುದಕ್ಕೇ ಬ್ಯಾಟರಿಯ ಚಾರ್ಜು ವ್ಯರ್ಥವಾಗುತ್ತದೆ. ತೂತಿನ ಬಳಿ ಬಾಟಲಿ ಬಗ್ಗಿಸಲು ಜಾಗವಿಲ್ಲದ್ದರಿಂದ, ದನಗಳಿಗೆ ಔಷಧಿ ಕುಡಿಸುವ 50 ಮಿಲಿಯ ಸಿರಿಂಜಿಗೆ ಸಣ್ಣ ಪೈಪು ಸಿಕ್ಕಿಸಿಕೊಂಡಿದ್ದೇನೆ. ಹದಿಮೂರು ಸಲ ಒತ್ತಿದರೆ 650 ಮಿಲಿ. ಆದರೂ ಕೊನೆಯ ಮಾತು ಎಣಿಕೆಯದಲ್ಲ, ತೂತಿನ ಅಂಚಿನದು: ಅಲ್ಲಿಂದ ಜಿನುಗಿದೊಡನೆ ನಿಲ್ಲಿಸಿ, ಜಿನುಗುವುದು ನಿಂತ ಮೇಲೆ ಬೋಲ್ಟು ಬಿಗಿಯುತ್ತೇನೆ. ಹೌಸಿಂಗು ಅಲ್ಯೂಮಿನಿಯಮ್ಮಿನದಾದ್ದರಿಂದ ಮೈಬಲವೆಲ್ಲ ಹಾಕಿದರೆ ತೂತಿನೊಳಗಿನ ಥ್ರೆಡ್ಡು ಕಿತ್ತುಹೋಗುತ್ತದೆ.

ಸಂಜೆ ಗಾಡಿಯ ಕೆಳಗೆ ಅಗಲವಾದ ರಟ್ಟು ಹಾಸಿ ಮನೆಗೆ ಹೋಗುತ್ತೇನೆ. ಬೆಳಿಗ್ಗೆ ಮೋಟಾರು ಕೂಡುವ ಜಾಗದ ಕೆಳಗೆ ಕಲೆಯಿದ್ದರೆ ಮೋಟಾರಿಗೆ ಕೂಡುವ ಶಾಫ್ಟಿನ ಸೀಲು, ಚಕ್ರದ ಒಳಬದಿಯಲ್ಲಿದ್ದರೆ ಆಕ್ಸಲ್ ಸೀಲು. ಎರಡನೆಯದಾದರೆ ಡ್ರಮ್ಮು ಬಿಚ್ಚಿ ಬ್ರೇಕ್ ಶೂಗೆ ಆಯಿಲ್ ತಾಗಿದೆಯೇ ಎಂದು ನೋಡದೆ ಗಾಡಿಯನ್ನು ಇಳಿಜಾರಿನ ಕಡೆಗೆ ಬಿಡುವುದಿಲ್ಲ.