ಯಾವ ಮಾತಿಗೆ ಈ ಉತ್ತರ? ಮೇಲ್ ಗುಂಪಿನಲ್ಲಿ ಮರುಪತ್ರ ಬರೆಯುವ ಬಗೆ

ಮೇ ತಿಂಗಳ ಕೊನೆಯ ವಾರ. ಮೋಡ ಕಟ್ಟಿತ್ತು. ಮೆಣಸಿನ ಬಳ್ಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ರೋಗದ ಮದ್ದು) ಹೊಡೆಯಲು ಕೆಲಸದವರು ಸಿಕ್ಕಿದ್ದು ಎರಡೇ ದಿನಕ್ಕೆ. ನಮ್ಮ ಕಡೆಯ ಬೆಳೆಗಾರರ ಮೇಲ್ ಗುಂಪಿಗೆ ಬರೆದು ಪ್ರಮಾಣ ಕೇಳಿದ್ದೆ. ಸಂಜೆ ಹಿರಿಯರೊಬ್ಬರಿಂದ ಉತ್ತರ ಬಂತು: "ಹೌದು, ಅದೇ ಸಾಕು. ಮಳೆಗೆ ಮುಂಚೆ ಮುಗಿಸಿ."

ನಾನು ಕೇಳಿದ್ದು ಮೂರು ಪ್ರಶ್ನೆ. ಕಾಫಿಗೆ ಎಷ್ಟು, ಬಳ್ಳಿಗೆ ಎಷ್ಟು, ಯಾವಾಗ ಹೊಡೆಯಲಿ. 'ಅದೇ' ಅಂದರೆ ಯಾವುದು? ತಿರುಗಿ ಕೇಳೋಣ ಅಂದರೆ ಅಷ್ಟರಲ್ಲಿ ಗಾಳಿಗೆ ಕರೆಂಟ್ ಹೋಗಿ ಫೋನಿನ ಸಿಗ್ನಲ್ಲೂ ಹೋಗಿತ್ತು. ಬೆಳಿಗ್ಗೆ ಕೆಲಸದವರು ಬಂದು ನಿಂತರು. ಕಾಫಿಗೆ ಎಲ್ಲರೂ ಹೇಳುವ ಅರ್ಧ ಪರ್ಸೆಂಟೇ 'ಅದೇ' ಇರಬೇಕು ಅಂದುಕೊಂಡು ಬಳ್ಳಿಗೂ ಕಲಸಿದೆ. ಬಳ್ಳಿಗೆ ಬೇಕಾದದ್ದು ಒಂದು ಪರ್ಸೆಂಟ್. ಆಗಸ್ಟ್ ಬರುವುದರೊಳಗೆ ಒಂದು ಸಾಲಿನ ಕೆಲವು ಬಳ್ಳಿಗಳು ಸೊರಗಿದವು. ಸೊರಗು ರೋಗಕ್ಕೆ ಕಾರಣ ಹತ್ತಾರು ಇರುತ್ತದೆ, ಮದ್ದಿನ ಬಲ ಕಡಿಮೆಯಾದದ್ದೇ ಕಾರಣ ಅನ್ನಲಾರೆ. ಆದರೆ ಆ ಸಾಲಿನಲ್ಲಿ ನಡೆಯುವಾಗಲೆಲ್ಲ ಆ ಎರಡು ವಾಕ್ಯದ ಉತ್ತರ ನೆನಪಾಗುತ್ತದೆ.

ಬರೆದವರು ಒಳ್ಳೆಯವರು. ವಿಷಯವೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ಯಾವ ಮಾತಿಗೆ ಉತ್ತರ ಕೊಡುತ್ತಿದ್ದೇನೆ ಅನ್ನುವುದನ್ನು ತೋರಿಸಲಿಲ್ಲ, ಅಷ್ಟೇ. ಅದನ್ನು ತೋರಿಸುವುದು ಹೇಗೆ ಅನ್ನುವುದೇ ಈ ಲೇಖನ.

ವಾಟ್ಸ್‌ಆ್ಯಪ್ ಇರುವಾಗ ಮೇಲ್ ಗುಂಪು ಯಾಕೆ ಅಂತ ಕೇಳುವವರಿದ್ದಾರೆ. ಕೊಡಗಿನಲ್ಲಿ ಒಕ್ಕದ (ಒಂದೇ ಮನೆತನದವರ) ವಿಷಯ, ಐನ್‌ಮನೆ (ಮನೆತನದ ಮೂಲಮನೆ) ರಿಪೇರಿ ಲೆಕ್ಕ, ತೋಟದ ರೋಗ ಇಂಥವಕ್ಕೆಲ್ಲ ಉದ್ದಕ್ಕೆ ಬರೆಯಬೇಕಾಗುತ್ತದೆ. ಓದುವವರಲ್ಲಿ ಅರ್ಧ ಜನ ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ. ಮೂರು ವರ್ಷ ಬಿಟ್ಟು ಹುಡುಕಿದರೂ ಸಿಗಬೇಕು. ಅದಕ್ಕೆ ಮೇಲ್ ಈಗಲೂ ಒಳ್ಳೆಯದು.

ಈ ಶಿಷ್ಟಾಚಾರ ಹೊಸದಲ್ಲ. ಇಂಟೆಲ್ ಕಂಪನಿಯಲ್ಲಿದ್ದ ಸ್ಯಾಲಿ ಹ್ಯಾಂಬ್ರಿಜ್ ಬರೆದ 'ಆರ್‌ಎಫ್‌ಸಿ 1855' ಎಂಬ ಇಂಟರ್ನೆಟ್ ಶಿಷ್ಟಾಚಾರದ ದಾಖಲೆ 1995ರ ಅಕ್ಟೋಬರಿನಲ್ಲೇ ಬಂದಿದೆ. ಉತ್ತರ ಕೊಡುವಾಗ ಹಳೆಯ ಪತ್ರದ ಸಾರವನ್ನು ಮೇಲೆ ಹೇಳಿ, ಇಲ್ಲವೇ ಸಂದರ್ಭ ತಿಳಿಯುವಷ್ಟು ಮಾತನ್ನು ಮಾತ್ರ ಎತ್ತಿಕೊಳ್ಳಿ ಎಂದು ಅದರಲ್ಲಿದೆ. ಇಂಗ್ಲಿಷ್‌ನಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದರೆ ಕಿರುಚಿದ ಹಾಗೆ ಎಂಬ ಮಾತೂ ಅದರಲ್ಲೇ ಇದೆ.

ಮೊದಲು ನೋಡಬೇಕಾದದ್ದು: ಯಾರಿಗೆ ಹೋಗುತ್ತಿದೆ?

ಕೆಲವು ಗುಂಪುಗಳಲ್ಲಿ 'ರಿಪ್ಲೈ' ಒತ್ತಿದರೆ ಬರೆದವರೊಬ್ಬರಿಗೇ ಹೋಗುತ್ತದೆ, ಕೆಲವು ಗುಂಪುಗಳಲ್ಲಿ ಎಲ್ಲರಿಗೂ. ಗುಂಪು ನಡೆಸುವವರು ಇಟ್ಟ ಸೆಟ್ಟಿಂಗ್ ಮೇಲೆ ಅದು ನಿಂತಿದೆ. ಹಾಗಾಗಿ ಬರೆಯುವ ಮುಂಚೆಯೇ ಮೇಲಿನ 'ಟು' ಸಾಲು ನೋಡಿ. "ನಿನ್ನ ಮಗಳ ಮದುವೆ ಮಾತು ಎಲ್ಲಿಗೆ ಬಂತು?" ಎನ್ನುವುದು ಒಬ್ಬರಿಗೆ ಕೇಳುವ ಮಾತು. ಮದ್ದಿನ ಪ್ರಮಾಣ ಎಲ್ಲರಿಗೂ ಬೇಕಾದ ಮಾತು.

ಜಿಮೇಲ್ ಬಳಸುವವರಿಗೆ ಒಂದು ಉಪಾಯ. ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ 'ಅನ್‌ಡು ಸೆಂಡ್' ಸಮಯವನ್ನು 30 ಸೆಕೆಂಡಿಗೆ ಏರಿಸಿ. ಅದಕ್ಕಿಂತ ಜಾಸ್ತಿ ಕೊಡುವುದಿಲ್ಲ. ತಪ್ಪಿದ್ದು ಗೊತ್ತಾಗುವುದು ಸಾಮಾನ್ಯವಾಗಿ ಕಳಿಸಿದ ಮರುಕ್ಷಣವೇ ಅಲ್ವಾ, ಆಗ ಇದು ಕೈ ಹಿಡಿಯುತ್ತದೆ.

ಆಮೇಲೆ ಕತ್ತರಿಸಿ

ಜಾಸ್ತಿ ಜನ ತಪ್ಪುವುದು ಇಲ್ಲೇ. ರಿಪ್ಲೈ ಒತ್ತಿದ ಕೂಡಲೇ ಹಳೆಯ ಪತ್ರ ಪೂರ್ತಿಯಾಗಿ ಕೆಳಗೆ ಬಂದು ಕೂರುತ್ತದೆ. ಜಿಮೇಲ್ ಅದನ್ನು ಮೂರು ಚುಕ್ಕಿಯ ಹಿಂದೆ ಮಡಚಿ ಇಡುವುದರಿಂದ ಬರೆಯುವವರ ಕಣ್ಣಿಗೆ ಬೀಳುವುದಿಲ್ಲ. ಆದರೆ ಹೋಗುವುದಂತೂ ಹೋಗುತ್ತದೆ. ಹತ್ತನೆಯ ಉತ್ತರ ಹಿಂದಿನ ಒಂಬತ್ತನ್ನೂ ಹೊತ್ತುಕೊಂಡು ಬರುತ್ತದೆ. ಜೊತೆಗೆ ಅಷ್ಟೂ ಜನರ ಸಹಿ, ಫೋನ್ ನಂಬರ್, ಗುಂಪಿನ ಅಡಿಟಿಪ್ಪಣಿ ಎಲ್ಲ.

ಜಿಮೇಲ್‌ನಲ್ಲಿ ಒಂದು ಪತ್ರ ಸುಮಾರು 102 ಕೆ.ಬಿ. ದಾಟಿದರೆ ಉಳಿದದ್ದನ್ನು ಕತ್ತರಿಸಿ 'ಪೂರ್ತಿ ನೋಡಿ' ಎಂಬ ಕೊಂಡಿ ಮಾತ್ರ ತೋರಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ 'ಕ' ಬರೆಯಲು ಮೂರು ಬೈಟ್ ಬೇಕು, 'ಕಾ' ಬರೆಯಲು ಆರು. ಒತ್ತಕ್ಷರಕ್ಕೆ ಇನ್ನೂ ಜಾಸ್ತಿ. ಹಾಗಾಗಿ ಕನ್ನಡದಲ್ಲಿ ಚರ್ಚೆ ಮಾಡುವ ಗುಂಪು ಆ ಮಿತಿಯನ್ನು ಬೇಗ ಮುಟ್ಟುತ್ತದೆ. ಮಳೆಗಾಲದಲ್ಲಿ ರಸ್ತೆಯ ತಿರುವಿಗೆ ಹೋಗಿ, ಕೊಡೆ ಹಿಡಿದು, ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ಮೇಲ್ ತೆರೆಯುವವರು ನಮ್ಮಲ್ಲಿ ಎಷ್ಟು ಜನ! ಅವರನ್ನು ನೆನಪಿಟ್ಟುಕೊಂಡು ಕತ್ತರಿಸಿ.

ಕತ್ತರಿಸುವುದು ಹೇಗೆ? ಕಂಪ್ಯೂಟರಿನಲ್ಲಾದರೆ ಆ ಮೂರು ಚುಕ್ಕಿ ಒತ್ತಿ, ಹಳೆಯ ಪತ್ರವನ್ನು ಬಿಚ್ಚಿ. ನೀವು ಉತ್ತರ ಕೊಡುವ ಸಾಲುಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿ. ಬರೆಯುವ ಪೆಟ್ಟಿಗೆಯ ಮೆನುವಿನಲ್ಲಿ 'ಪ್ಲೇನ್ ಟೆಕ್ಸ್ಟ್ ಮೋಡ್' ಇದೆ. ಅದನ್ನು ಆರಿಸಿದರೆ ಹಳೆಯ ಸಾಲುಗಳ ಮುಂದೆ > ಗುರುತು ಬರುತ್ತದೆ, ಯಾವುದು ಅವರದು, ಯಾವುದು ನಿಮ್ಮದು ಅಂತ ಕಣ್ಣಿಗೇ ಕಾಣುತ್ತದೆ. ಫೋನಿನಲ್ಲಿ ಇಷ್ಟೆಲ್ಲ ಮಾಡುವುದು ಕಷ್ಟ. ಆಗ ಬೇಕಾದ ಒಂದು ವಾಕ್ಯ ಕಾಪಿ ಮಾಡಿ, ಮುಂದೆ > ಹಾಕಿ ಅಂಟಿಸಿ, ಉಳಿದ ಬಾಲವನ್ನು ತೆಗೆದುಬಿಡಿ.

ಎಷ್ಟು ಉಳಿಸಬೇಕು? ಕಾಫಿ ಗಿಡದಲ್ಲಿ ಬೇಡದ ಚಿಗುರು ತೆಗೆಯುವಾಗ ಬೆಳಕು ಒಳಗೆ ಬರುವಷ್ಟು ತೆಗೆಯುತ್ತೇವೆ, ಗಿಡ ಬೋಳಾಗುವಷ್ಟು ತೆಗೆಯುವುದಿಲ್ಲ. ಇಲ್ಲೂ ಹಾಗೇ. ನಿಮ್ಮ ಪತ್ರ ಒಂದನ್ನೇ ಓದಿದವರಿಗೂ ಪ್ರಶ್ನೆ ಏನು, ಉತ್ತರ ಏನು ಎರಡೂ ತಿಳಿಯಬೇಕು. ಆದರೆ ಕತ್ತರಿಸುವಾಗ ಅರ್ಥ ಕತ್ತರಿಸಬೇಡಿ. "ಬಿಸಿಲಿದ್ದರೆ ಮಾತ್ರ ಹೊಡೆಯಬಹುದು" ಎಂದು ಒಬ್ಬರು ಬರೆದಿದ್ದರೆ, "ಹೊಡೆಯಬಹುದು" ಎಂಬಷ್ಟನ್ನೇ ಎತ್ತಿಕೊಂಡು ಅವರ ಮೇಲೆ ಹಾಕುವುದು ಅನ್ಯಾಯ. ಎತ್ತಿಕೊಂಡ ಮಾತಿನಲ್ಲಿ ಒಂದು ಶಬ್ದವನ್ನೂ ಬದಲಿಸಬಾರದು, ಕಾಗುಣಿತ ತಪ್ಪಿದ್ದರೂ ಹಾಗೇ ಬಿಡಿ.

ಉತ್ತರ ಪ್ರಶ್ನೆಯ ಕೆಳಗೆ ಇರಲಿ

ಎಲ್ಲದರ ಮೇಲೆ ಒಂದು ಸಾಲು ಬರೆದು ಕಳಿಸುವುದು ಇವತ್ತು ರೂಢಿ. ಒಂದೇ ಪ್ರಶ್ನೆ ಇದ್ದರೆ, ಇಬ್ಬರ ನಡುವಿನ ಪತ್ರವಾದರೆ, ಅದರಿಂದ ತೊಂದರೆ ಇಲ್ಲ. ಗುಂಪಿನಲ್ಲಿ, ಎರಡು ಮೂರು ಪ್ರಶ್ನೆ ಇರುವಾಗ, ಒಂದೊಂದು ಪ್ರಶ್ನೆಯ ಕೆಳಗೆ ಅದರ ಉತ್ತರ ಬರೆಯುವುದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ನನಗೆ ಬಂದ ಆ ಉತ್ತರ ಹೀಗಿರಬಹುದಿತ್ತು:

> ಕಾಫಿಗೆ ಬೋರ್ಡೋ ಎಷ್ಟು ಪರ್ಸೆಂಟ್ ಹಾಕಲಿ?

ಅರ್ಧ ಪರ್ಸೆಂಟ್ ಸಾಕು. 100 ಲೀಟರ್ ನೀರಿಗೆ ಅರ್ಧ ಕೆ.ಜಿ. ಮೈಲುತುತ್ತ, ಅರ್ಧ ಕೆ.ಜಿ. ಸುಣ್ಣ.

> ಮೆಣಸಿನ ಬಳ್ಳಿಗೂ ಅದೇನಾ?

ಅಲ್ಲ. ಬಳ್ಳಿಗೆ ಒಂದು ಪರ್ಸೆಂಟ್ ಬೇಕು. 100 ಲೀಟರಿಗೆ ಎರಡೂ ಒಂದೊಂದು ಕೆ.ಜಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ, ಸುಣ್ಣವನ್ನು ತುತ್ತಕ್ಕೆ ಸುರಿಯಬೇಡಿ.

> ಯಾವಾಗ ಹೊಡೆಯಲಿ?

ಎರಡಕ್ಕೂ ಮುಂಗಾರು ಹಿಡಿಯುವ ಮುಂಚೆ ಒಂದು ಸಲ. ಆಮೇಲೆ ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ.

ಅವರಿಗೆ ಇದಕ್ಕೆ ಮೂರು ನಿಮಿಷ ಹಿಡಿಯುತ್ತಿತ್ತೋ ಏನೋ. ಈ ಪತ್ರವನ್ನು ಮುಂದಿನ ಮೇ ತಿಂಗಳಲ್ಲಿ ಬೇರೆ ಯಾರು ತೆರೆದರೂ ಅವರಿಗೂ ಉಪಯೋಗ. 'ಅದೇ', 'ಅವರು ಹೇಳಿದ ಹಾಗೆ', 'ಮೇಲೆ ಬರೆದಂತೆ' ಎಂಬ ಮಾತುಗಳನ್ನು ಗುಂಪಿನ ಪತ್ರದಲ್ಲಿ ಬಿಟ್ಟುಬಿಡಿ. ಪ್ರಮಾಣ, ತಾರೀಕು, ಹಣ ಈ ಮೂರನ್ನಂತೂ ಪ್ರತಿ ಸಲವೂ ಬಿಡಿಸಿಯೇ ಬರೆಯಿರಿ.

ಸಹಿ ನಾಲ್ಕು ಸಾಲು ದಾಟದಿರಲಿ. ಉತ್ತರ ಕೊಡುವಾಗ ರೋಗದ ಎಲೆಯ ಫೋಟೊವನ್ನು ಮತ್ತೆ ಸೇರಿಸಬೇಕಾಗಿಲ್ಲ, ಎಲ್ಲರ ಹತ್ತಿರ ಆಗಲೇ ಇದೆ.

ಯಾವ ಪೊನ್ನಪ್ಪ?

ಎತ್ತಿಕೊಂಡ ಮಾತು ಯಾರದು ಅಂತ ಹೇಳಬೇಕು. ಕೊಡಗಿನಲ್ಲಿ ಇದು ಇನ್ನೂ ಮುಖ್ಯ. ಒಂದು ಗುಂಪಿನಲ್ಲಿ ಮೂರು ಜನ ಪೊನ್ನಪ್ಪ, ನಾಲ್ಕು ಜನ ಕಾರ್ಯಪ್ಪ ಇರುವುದು ನಮಗೆಲ್ಲ ಗೊತ್ತಿರುವ ಸಂಗತಿ. "ಪೊನ್ನಪ್ಪಣ್ಣ ಹೇಳಿದ್ದು ಸರಿ" ಅಂದರೆ ನಾಪೋಕ್ಲು ಕಡೆಯವರೋ, ಶ್ರೀಮಂಗಲದವರೋ? ಎದುರಿಗೆ ಸಿಕ್ಕಾಗ ಮನೆಹೆಸರು ಹೇಳಿಯೇ ಗುರುತು ಹಿಡಿಯುತ್ತೇವೆ. ಪತ್ರದಲ್ಲೂ ಮನೆಹೆಸರೋ ಊರೋ ಸೇರಿಸಿ, ಜೊತೆಗೆ ತಾರೀಕು ಹಾಕಿ: "ಜೂನ್ 12ರಂದು ನಾಪೋಕ್ಲಿನ ಪೊನ್ನಪ್ಪಣ್ಣ ಬರೆದದ್ದು". ಅಣ್ಣ, ಅಕ್ಕ, ಮಾವ ಎಂದು ಕರೆಯುವುದು ಹಾಗೇ ಇರಲಿ. ಅದು ನಮ್ಮ ಮರ್ಯಾದೆ.

ತಾರೀಕು ಯಾಕೆ ಬೇಕು ಅನ್ನುವುದು ಮಳೆಗಾಲದಲ್ಲಿ ತಿಳಿಯುತ್ತದೆ. "ಭಾಗಮಂಡಲದಲ್ಲಿ ನೀರು ರಸ್ತೆಗೆ ಬಂದಿದೆ" ಎಂಬ ಸಾಲನ್ನು ತಾರೀಕಿಲ್ಲದೆ ಯಾರೋ ಎತ್ತಿ ಹಾಕಿದರೆ, ಅದು ಇವತ್ತಿನ ಮಾತೋ ಹೋದ ವಾರದ್ದೋ ದೂರದಲ್ಲಿರುವ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? 2018ರ ಆಗಸ್ಟಿನ ಭೂಕುಸಿತ ಕಂಡ ಮೇಲೆ ಇಂಥ ಒಂದು ಸಾಲು ಓದಿದರೂ ಎದೆ ಹೊಡೆದುಕೊಳ್ಳುತ್ತದೆ.

ಭಾಷೆಯ ಬಗ್ಗೆಯೂ ಒಂದು ಮಾತು. ಗುಂಪಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಎಲ್ಲ ಮನೆಮಾತಿನವರೂ ಇರುತ್ತಾರೆ. ಕೊಡವ ತಕ್ಕ್‌ನಲ್ಲಿ ಬಂದ ಮಾತನ್ನು ಎತ್ತಿಕೊಂಡರೆ ಅದನ್ನು ಹಾಗೇ ಇಟ್ಟು, ಕೆಳಗೆ ಕನ್ನಡದಲ್ಲಿ ಒಂದು ಸಾಲಿನ ಸಾರ ಕೊಡಿ. ಯಾರೂ ಹೊರಗಿನವರಾಗುವುದಿಲ್ಲ.

ವಿಷಯ ಬದಲಾದರೆ ಸಾಲೂ ಬದಲಾಗಲಿ

ವಿಷಯದ ಸಾಲಿನ ಮುಂದೆ ಬರುವ 'ರೀ' ಎನ್ನುವುದು 'ಈ ಸಂಗತಿಯ ಬಗ್ಗೆ' ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಆದರೆ 'ರೀ: ಹೂಮಳೆ' (ಕಾಫಿ ಹೂ ಅರಳಿಸುವ ಮಳೆ) ಎಂಬ ಪತ್ರದೊಳಗೆ ಆನೆ ಬೇಲಿ ಮುರಿದ ಕಥೆ ಇರುತ್ತದೆ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಹೊಸ ವಿಷಯಕ್ಕೆ ಹೊಸ ಪತ್ರ ತೆರೆಯಿರಿ. ವಿಳಾಸ ಟೈಪ್ ಮಾಡಲು ಸೋಮಾರಿತನವಾಗಿ ಹಳೆಯ ಪತ್ರಕ್ಕೆ ರಿಪ್ಲೈ ಒತ್ತಿ ವಿಷಯ ಅಳಿಸಿ ಬರೆಯುವವರಿದ್ದಾರೆ. ಪತ್ರದ ತಲೆಯಲ್ಲಿ ಕಣ್ಣಿಗೆ ಕಾಣದ ಗುರುತೊಂದು ಹಳೆಯ ಪತ್ರಕ್ಕೆ ಗಂಟು ಹಾಕಿರುತ್ತದೆ. ಹಾಗಾಗಿ ಕೆಲವು ಮೇಲ್ ಪ್ರೋಗ್ರಾಂಗಳಲ್ಲಿ ನಿಮ್ಮ ಹೊಸ ಪ್ರಶ್ನೆ ಹಳೆಯ ಚರ್ಚೆಯ ಅಡಿಯಲ್ಲೇ ಹೂತು ಹೋಗುತ್ತದೆ. ಚರ್ಚೆ ನಡುವೆಯೇ ದಾರಿ ಬದಲಿಸಿದರೆ 'ಆನೆ ಬೇಲಿ (ಹಿಂದೆ: ಹೂಮಳೆ)' ಎಂದು ಬರೆಯಿರಿ.

ತಿದ್ದುವಾಗ, ಸಿಟ್ಟು ಬಂದಾಗ

ಒಬ್ಬರು ನಿಮಗೆ ಮಾತ್ರ ಬರೆದ ಪತ್ರವನ್ನು ಗುಂಪಿಗೆ ಹಾಕುವ ಮುಂಚೆ ಅವರನ್ನು ಕೇಳಿ. ಕೇಳದೆ ಹಾಕಿದ್ದರಿಂದ ಅಣ್ಣತಮ್ಮಂದಿರ ಮಾತು ನಿಂತದ್ದನ್ನು ನಾನು ಕಂಡಿದ್ದೇನೆ.

ಹಿರಿಯರು ತಪ್ಪು ಬರೆದರೆ ಏನು ಮಾಡಬೇಕು? ಊರಿನ ಹೆಸರು, ಇಸವಿ ಇಂಥದ್ದಾದರೆ ಅವರೊಬ್ಬರಿಗೇ ಬರೆಯಿರಿ, ಅವರೇ ಗುಂಪಿನಲ್ಲಿ ತಿದ್ದಿಕೊಳ್ಳಲಿ. ಆದರೆ ಮದ್ದಿನ ಪ್ರಮಾಣ ತಪ್ಪಿದ್ದರೆ ಸಂಕೋಚ ಬೇಡ, ಕೂಡಲೇ ಗುಂಪಿನಲ್ಲೇ ಹೇಳಿ. ಬೆಳಿಗ್ಗೆ ಆರಕ್ಕೆ ಯಾರಾದರೂ ಡ್ರಮ್ಮಿನಲ್ಲಿ ಕಲಸಲು ಶುರು ಮಾಡಿರುತ್ತಾರೆ. "ಮಾವ, ಇದು ಕಾಫಿಯ ಪ್ರಮಾಣ ಇರಬೇಕು, ಬಳ್ಳಿಗೆ ಒಂದು ಪರ್ಸೆಂಟ್ ಅಲ್ವಾ?" ಅಂದರೆ ಮರ್ಯಾದೆಯೂ ಉಳಿಯುತ್ತದೆ, ಬಳ್ಳಿಯೂ ಉಳಿಯುತ್ತದೆ. ಎದುರಿನವರ ಒಂದೊಂದು ಸಾಲನ್ನೂ ಎತ್ತಿ ಹಾಕಿ ಒಂದೊಂದಕ್ಕೂ ವಾದ ಹೂಡಬೇಡಿ, ಅದು ಪಾಟೀಸವಾಲಿನ ಹಾಗೆ ಆಗುತ್ತದೆ. ಮುಖ್ಯವಾದ ಒಂದು ಮಾತು ಹಿಡಿಯಿರಿ. ಸಿಟ್ಟಿನಲ್ಲಿ ಬರೆದದ್ದನ್ನು ಡ್ರಾಫ್ಟಿನಲ್ಲಿಟ್ಟು ಮರುದಿನ ಓದಿ.

ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜನ್ನು ಬಲಕ್ಕೆ ಎಳೆದರೆ ಹಳೆಯ ಮಾತು ತಾನೇ ಮೇಲೆ ಕೂರುತ್ತದೆ. ಅಲ್ಲೂ ಒಂದೇ ಮೆಸೇಜಿನಲ್ಲಿ ಮೂರು ಪ್ರಶ್ನೆ ಇದ್ದರೆ ಯಾವುದಕ್ಕೆ ಉತ್ತರ ಅಂತ ಹೇಳಿಯೇ ಬರೆಯಬೇಕು. ಬರೆದದ್ದನ್ನು ತಿದ್ದಲು 15 ನಿಮಿಷ ಸಿಗುತ್ತದೆ.

ಕೇಳಿದವರು ಬರೆಯಬೇಕಾದ ಪತ್ರ

ಇದನ್ನು ಹೆಚ್ಚಿನವರು ಮರೆಯುತ್ತಾರೆ. "ಧನ್ಯವಾದ", "ಸೂಪರ್" ಎಂಬ ಒಂದು ಪದದ ಪತ್ರವನ್ನು ಸುಮ್ನೆ ಎಲ್ಲರಿಗೂ ಕಳಿಸುವ ಬದಲು ಸಹಾಯ ಮಾಡಿದವರಿಗೆ ಮಾತ್ರ ಕಳಿಸಿ. ಗುಂಪಿಗೆ ಬೇಕಾದದ್ದು, ಕೊನೆಗೆ ಏನಾಯಿತು ಎಂಬುದು. ಯಾರು ಏನು ಹೇಳಿದರು, ನೀವು ಯಾವುದನ್ನು ಮಾಡಿದಿರಿ, ಎಷ್ಟು ದಿನದ ಮೇಲೆ ಏನು ಕಂಡಿತು. ನಾನು ಆ ವರ್ಷ ಸೆಪ್ಟೆಂಬರಿನಲ್ಲಿ, ಕೈಲ್‌ಪೊಳ್ದ್ ಹಬ್ಬ ಮುಗಿದ ವಾರ ಕೂತು ಬರೆದೆ:

"ವಿಷಯ: ಬಳ್ಳಿಗೆ ಬೋರ್ಡೋ, ಕೊನೆಗೆ ಆದದ್ದು. ಮೇ ತಿಂಗಳಲ್ಲಿ ನಾನು ಬಳ್ಳಿಗೆ ಹೊಡೆದದ್ದು ಅರ್ಧ ಪರ್ಸೆಂಟ್. ಅದು ಕಡಿಮೆ, ಒಂದು ಪರ್ಸೆಂಟ್ ಬೇಕಿತ್ತು. ಕೆಳಗಿನ ಸಾಲಿನಲ್ಲಿ ಕೆಲವು ಬಳ್ಳಿ ಸೊರಗಿವೆ, ಮೇಲಿನ ಸಾಲು ಚೆನ್ನಾಗಿದೆ. ಆಗಸ್ಟಿನ ಬಿಡುವಿನಲ್ಲಿ ಉಳಿದದ್ದಕ್ಕೆಲ್ಲ ಒಂದು ಪರ್ಸೆಂಟ್ ಹೊಡೆದಿದ್ದೇನೆ."

ಎರಡನೇ ದಿನ ಆ ಹಿರಿಯರಿಂದ ಉತ್ತರ ಬಂತು. ನನ್ನ ಪತ್ರದಿಂದ ಒಂದೇ ಸಾಲು ಎತ್ತಿಕೊಂಡಿದ್ದರು.

> ಕೆಳಗಿನ ಸಾಲಿನಲ್ಲಿ ಕೆಲವು ಬಳ್ಳಿ ಸೊರಗಿವೆ

"ಅಲ್ಲಿ ನೀರು ನಿಲ್ಲುತ್ತದಾ? ಮೊದಲು ಚರಂಡಿ ಬಿಡಿಸಿ. ಈ ವಾರ ಬಂದು ನೋಡುತ್ತೇನೆ."