ಕೃಷಿ ಹೊಂಡದ ಮೀನು ಮತ್ತು ನೀರುಕಾಗೆ ಕಾಟ: ನಾನು ಮಾಡಿಕೊಂಡ ವ್ಯವಸ್ಥೆ

ನಮ್ಮದು ಮದ್ದೂರು ತಾಲೂಕು. ಒಂದು ಕಡೆ ಶಿಂಷಾ ಹೊಳೆ, ಇನ್ನೊಂದು ಕಡೆ ಕೊಕ್ಕರೆ ಬೆಳ್ಳೂರು, ಮಧ್ಯೆ ಕೆರೆಗಳು, ನಾಲೆ ನೀರಿನ ಗದ್ದೆಗಳು. ಇಂಥ ಕಡೆ ಹೊಂಡ ತೋಡಿ ಮೀನು ಬಿಟ್ಟರೆ ಹಕ್ಕಿ ಬರಲೇಬಾರದು ಅನ್ನೋದು ಆಗದ ಮಾತು. ಬರುತ್ತವೆ. ಎಷ್ಟು ತಿನ್ನುತ್ತವೆ, ಯಾವ ಅಳತೆಯ ಮೀನು ತಿನ್ನುತ್ತವೆ ಅನ್ನೋದಷ್ಟೇ ನಮ್ಮ ಕೈಲಿದೆ.

ನನ್ನದು 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದೆ. ಕಟ್ಲಾ, ರೋಹು, ಸಾಮಾನ್ಯ ಗೆಂಡೆ ಸೇರಿ ನಾಲ್ಕೈದು ನೂರು ಮರಿ ಬಿಡುತ್ತೇನೆ. ಅಷ್ಟರಲ್ಲಿ ನೂರು ಮರಿ ಹಕ್ಕಿ ಪಾಲಾದರೂ ಲಾಭ ಅಲ್ಲೇ ಹೋಯಿತು.

ಮೊದಲು ಯಾವ ಹಕ್ಕಿ ಬರುತ್ತೆ ಅಂತ ಕೂತು ನೋಡಬೇಕು, ಏಕೆಂದರೆ ಒಂದೊಂದರ ಕೆಲಸ ಒಂದೊಂದು ಥರ. ಬಕ, ಬೆಳ್ಳಕ್ಕಿ ಅಂಚಿನಲ್ಲಿ ನಿಂತು ಹೊಂಚು ಹಾಕುತ್ತವೆ, ಆಳಕ್ಕೆ ಇಳಿಯಲ್ಲ. ಮಿಂಚುಳ್ಳಿಗೆ ಕೂರೋಕೆ ಒಂದು ತಂತಿಯೋ ಕೊಂಬೆಯೋ ಬೇಕು, ಅಲ್ಲಿಂದ ನೇರ ಧುಮುಕಿ ಸಣ್ಣ ಮರಿ ಎತ್ತುತ್ತೆ. ನೀರುಕಾಗೆ ಹಾಗಲ್ಲ. ಅದು ಮುಳುಗಿ ನೀರೊಳಗೇ ಮೀನನ್ನು ಅಟ್ಟಿಸಿಕೊಂಡು ಹೋಗುತ್ತೆ, ಒಂದು ಬಂದರೆ ಹಿಂದೆಯೇ ನಾಲ್ಕು ಬರುತ್ತವೆ. ನಿಜವಾದ ನಷ್ಟ ಮಾಡೋದು ಇದೇ. ಇನ್ನೊಂದು ಇದೆ, ಇರುಳು ಬಕ. ಹಗಲೆಲ್ಲ ಮರದಲ್ಲಿ ನಿದ್ದೆ ಮಾಡಿ ಮುಸ್ಸಂಜೆಗೆ ‘ಕ್ವಾಕ್’ ಅಂತ ಕೂಗಿಕೊಂಡು ಬರುತ್ತೆ. ಹಗಲು ಒಂದು ಹಕ್ಕಿನೂ ಕಾಣಲ್ಲ, ಆದರೂ ಮೀನು ಕಡಿಮೆ ಆಗ್ತಿದೆ ಅನ್ನುವವರು ಕತ್ತಲಾದ ಮೇಲೆ ಒಮ್ಮೆ ಟಾರ್ಚ್ ಹಿಡಿದು ಹೋಗಿ ನೋಡಿ. ಏರಿ ಮೇಲೆ ಮೀನಿನ ಹುರುಪೆ, ಅರ್ಧ ತಿಂದ ತಲೆ ಬಿದ್ದಿದ್ದರೆ ಅದು ನೀರುನಾಯಿ ಕೆಲಸ ಇರಬಹುದು. ಬಕ, ನೀರುಕಾಗೆ ಇಡೀ ಮೀನನ್ನೇ ನುಂಗುತ್ತವೆ, ಏನೂ ಉಳಿಸಲ್ಲ.

ಪಟಾಕಿ ಹೊಡಿ ಅಣ್ಣ, ಒಂದೇ ದಿನಕ್ಕೆ ಖಾಲಿ ಅಂತ ಪಕ್ಕದ ಜಮೀನಿನವರು ಹೇಳುತ್ತಲೇ ಇರುತ್ತಾರೆ. ಪಟಾಕಿಗೆ ಹಸು ಹಗ್ಗ ಕಿತ್ತುಕೊಂಡು ಓಡುತ್ತೆ, ನೀರುಕಾಗೆ ಒಂದು ಸುತ್ತು ಹೊಡೆದು ವಾಪಸ್ ಬರುತ್ತೆ. ಬೆದರುಗೊಂಬೆ, ಹಳೆ ಸಿಡಿ, ಮಿಂಚುವ ಪಟ್ಟಿ ಎಲ್ಲ ಸ್ವಲ್ಪ ದಿನ ಕೆಲಸ ಮಾಡುತ್ತವೆ, ಆಮೇಲೆ ಗೊಂಬೆ ತಲೆ ಮೇಲೇ ಮಿಂಚುಳ್ಳಿ ಕೂತಿರುತ್ತೆ. ಬಂದೂಕು, ಉರುಲು, ವಿಷದ ಮಾತು ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಅದೂ ಅಲ್ಲದೆ ನಮ್ಮ ಪಕ್ಕದ ಕೊಕ್ಕರೆ ಬೆಳ್ಳೂರಿನವರು ತಲೆಮಾರುಗಳಿಂದ ಹೆಜ್ಜಾರ್ಲೆ, ಕೊಕ್ಕರೆಗಳನ್ನು ಮನೆ ಹಿಂದಿನ ಮರದಲ್ಲೇ ಗೂಡು ಕಟ್ಟೋಕೆ ಬಿಟ್ಟುಕೊಂಡಿದ್ದಾರೆ, ಹೆರಿಗೆಗೆ ಬಂದ ಮಗಳ ಥರ ನೋಡಿಕೊಳ್ಳುತ್ತಾರೆ. ಅಲ್ಲಿಂದ ಕೂಗಳತೆಯಲ್ಲಿ ಕೂತು ನಾವು ಹಕ್ಕಿ ಕೊಲ್ಲೋದಾ?

ನಾನು ದುಡ್ಡು, ಶ್ರಮ ಎರಡನ್ನೂ ಹಾಕೋದು ಮೊದಲ ಎರಡು ಮೂರು ತಿಂಗಳಿಗೆ. ಮೀನು ಗೇಣುದ್ದ ದಾಟಿ ಮೈ ಅಗಲ ಆದರೆ ಸಣ್ಣ ನೀರುಕಾಗೆಗೆ ನುಂಗೋದು ಕಷ್ಟ, ಮಿಂಚುಳ್ಳಿಗೆ ಆಗೋದೇ ಇಲ್ಲ. ಅಲ್ಲಿಯವರೆಗೆ ಕಾದರೆ ಮುಕ್ಕಾಲು ಕೆಲಸ ಮುಗೀತು.

ಹಾಗಾಗಿ ಆಕ್ಸಿಜನ್ ತುಂಬಿದ ಚೀಲದಲ್ಲಿ ಬಂದ ಮರಿಗಳನ್ನು ನೇರ ಹೊಂಡಕ್ಕೆ ಬಿಡಲ್ಲ. ಹೊಂಡದ ಒಂದು ಮೂಲೆಯಲ್ಲಿ ಹಾಪಾ ಕಟ್ಟುತ್ತೇನೆ. ಹಾಪಾ ಅಂದರೆ ಸಣ್ಣ ಕಣ್ಣಿನ ಬಲೆಯ ಪೆಟ್ಟಿಗೆ, ಸೊಳ್ಳೆ ಪರದೆಯನ್ನು ತಲೆಕೆಳಗು ಮಾಡಿ ನೀರಲ್ಲಿ ಇಳಿಬಿಟ್ಟ ಹಾಗಿರುತ್ತೆ. ಹಾಳೆ ತೂತಾಗಬಾರದಲ್ವಾ, ಅದಕ್ಕೆ ಬೊಂಬು ನೆಡದೆ ದಡದ ಗೂಟಗಳಿಂದ ಹಗ್ಗ ಎಳೆದು ಕಟ್ಟುತ್ತೇನೆ. ಮೇಲೆ ಮುಚ್ಚಳದ ಬಲೆ ಕಡ್ಡಾಯ, ಅದೂ ನೀರಿಗೆ ತಾಗದ ಹಾಗೆ ಬಿಗಿಯಾಗಿ. ಜೋಲು ಬಿದ್ದರೆ ಬೆಳ್ಳಕ್ಕಿ ಬಲೆ ಮೇಲೇ ನಿಂತು ಕಣ್ಣಿನೊಳಗಿಂದ ಕೊಕ್ಕು ತೂರಿಸಿ ಒಂದೊಂದೇ ಎಳೆಯುತ್ತೆ. ಹಾಪಾಕ್ಕೆ ಪಾಚಿ ಕಟ್ಟಿ ಕಣ್ಣು ಮುಚ್ಚಿಕೊಳ್ಳುತ್ತೆ, ನೀರು ಓಡಾಡದೆ ಮರಿ ಒದ್ದಾಡುತ್ತವೆ. ಆಗಾಗ ಮೆತ್ತನೆ ಬ್ರಷ್‌ನಲ್ಲಿ ಹೊರಗಡೆಯಿಂದ ಉಜ್ಜಬೇಕು. ಬೇಜಾರಿನ ಕೆಲಸ, ಆದರೆ ತಪ್ಪಿಸುವ ಹಾಗಿಲ್ಲ.

ಅಷ್ಟೊತ್ತಿಗೆ ಹೊಂಡದ ನೀರು ಹಸಿರಾಗಿರಬೇಕು. ಹೊಸ ಪ್ಲಾಸ್ಟಿಕ್ ಹೊಂಡದ ನೀರು ತಿಳಿಯಾಗಿ ತಳದವರೆಗೂ ಕಾಣುತ್ತೆ, ನೋಡೋಕೆ ಚೆಂದ, ಹಕ್ಕಿಗೂ ಚೆಂದ. ಸುಣ್ಣ, ಸಗಣಿ ನೀರು ಕೊಟ್ಟರೆ ಸ್ವಲ್ಪ ದಿನದಲ್ಲಿ ಹಸಿರು ತಿರುಗುತ್ತೆ. ಕೈಯನ್ನು ಮೊಣಕೈವರೆಗೆ ಮುಳುಗಿಸಿದಾಗ ಅಂಗೈ ಕಾಣದಿದ್ದರೆ ಸಾಕು. ಮೀನಿಗೆ ಮೇವೂ ಆಯಿತು, ಮರೆಯೂ ಆಯಿತು. ಹಾಗಂತ ಸಗಣಿ ಜಾಸ್ತಿ ಸುರಿಯಬೇಡಿ. ರಾತ್ರಿ ಆಕ್ಸಿಜನ್ ಕಡಿಮೆಯಾಗಿ ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ, ಅದೇ ಹೊತ್ತಿಗೆ ಬಕಗಳೂ ಬರುತ್ತವೆ. ಇದ್ದಕ್ಕಿದ್ದ ಹಾಗೆ ಬೆಳಿಗ್ಗೆ ಹಕ್ಕಿ ಜಾಸ್ತಿ ಆದರೆ ನಾನು ಮೊದಲು ನೀರು ನೋಡುತ್ತೇನೆ, ಪಂಪ್ ಹಾಕಿ ಮೇಲಿಂದ ಬೀಳುವ ಹಾಗೆ ನೀರು ಬಿಡುತ್ತೇನೆ.

ಮೇವಿನದೂ ಅಷ್ಟೇ. ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಕಲಸಿ ಮೇಲೆ ಎರಚಿದರೆ ಮರಿಗಳು ಮೇಲೆ ಬಂದು ಮುಗಿಬೀಳುತ್ತವೆ. ನಾನು ಅದನ್ನು ತೂತು ಮಾಡಿದ ಗೊಬ್ಬರದ ಚೀಲಕ್ಕೆ ತುಂಬಿ ನೀರೊಳಗೆ ಇಳಿಬಿಡುತ್ತೇನೆ. ಖಾಲಿ ಚೀಲ ಚೆನ್ನಾಗಿ ತೊಳೆದಿರಬೇಕು, ಯೂರಿಯಾ ವಾಸನೆ ಇರಬಾರದು.

ಹಾಪಾದಿಂದ ಬಿಟ್ಟ ಮೇಲೆ ಇಡೀ ಹೊಂಡಕ್ಕೆ ಬಲೆ. ನಾಲ್ಕೂ ಕಡೆ ಕಲ್ಲು ಕಂಬ, ಅವುಗಳ ಮಧ್ಯೆ ಅಡ್ಡಡ್ಡ ಜಿಐ ತಂತಿ, ಅದರ ಮೇಲೆ ಹಕ್ಕಿ ಬಲೆ. ತಂತಿ ಬಿಗಿ ಮಾಡೋಕೆ ಟರ್ನ್‌ಬಕಲ್ (ತಿರುಗಿಸಿ ಬಿಗಿ ಮಾಡುವ ಸ್ಕ್ರೂ ಕೊಂಡಿ) ಹಾಕಿಸಿ, ಇಲ್ಲದಿದ್ದರೆ ಒಂದು ಮಳೆ ಗಾಳಿಗೆ ನಡುವೆ ತೊಟ್ಟಿಲಾಗುತ್ತೆ. ಸಡಿಲ ಬಲೆಯಲ್ಲಿ ಹಕ್ಕಿ ಸಿಕ್ಕಿ ಸಾಯುತ್ತೆ, ನೆಲಕ್ಕೆ ತಾಗಿದ ಕಡೆ ಕೇರೆ ಹಾವು ಸಿಕ್ಕಿಕೊಳ್ಳುತ್ತೆ. ಅದಕ್ಕೇ ಕೆಳ ಅಂಚನ್ನು ನೆಲದ ಮೇಲೆ ಹರಡದೆ ಒಂದು ತಂತಿಗೆ ಸುತ್ತಿ ಕಟ್ಟುತ್ತೇನೆ.

ಬಲೆಗೆ ದುಡ್ಡಿಲ್ಲದವರು ದಪ್ಪ ಬಿಳಿ ನೈಲಾನ್ ದಾರವನ್ನು ಒಂದೊಂದು ಅಡಿಗೆ ಸಾಲಾಗಿ ಎಳೆಯಬಹುದು. ದೊಡ್ಡ ಬಕ ಇಳಿಯೋಕೆ ಹೆದರುತ್ತೆ, ನೀರುಕಾಗೆಗೆ ಓಡಿ ಮೇಲೇಳೋಕೆ ತೊಡಕು. ಪೂರ್ತಿ ನಿಲ್ಲಲ್ಲ, ಕಡಿಮೆ ಆಗುತ್ತೆ. ತಂಗೂಸಿ, ಅಂದರೆ ಗಾಳಕ್ಕೆ ಕಟ್ಟುವ ಸಣ್ಣ ಪಾರದರ್ಶಕ ದಾರ, ಮಾತ್ರ ಬೇಡ, ಹಕ್ಕಿಗೆ ಕಾಣದೆ ರೆಕ್ಕೆ ಕುಯ್ಯುತ್ತೆ. ಏರಿ ಉದ್ದಕ್ಕೆ ಒಂದು ತಂತಿ ಎಳೆದು ಅದರಲ್ಲಿ ಜಾರುವ ಬಳೆಗೆ ನಾಯಿ ಸರಪಳಿ ಸಿಕ್ಕಿಸಿದ್ದೇನೆ, ನೆರಳಿಗೆ ಒಂದು ಗೂಡು, ಪಕ್ಕದಲ್ಲಿ ನೀರು. ಬೆದರುಗೊಂಬೆ ಹತ್ತು ಸೇರಿದರೂ ಈ ನಾಯಿಗೆ ಸಮ ಅಲ್ಲ.

ಕಾಟ ವರ್ಷವಿಡೀ ಒಂದೇ ಥರ ಇರಲ್ಲ. ಗದ್ದೆ ಉಳುವಾಗ ಬೆಳ್ಳಕ್ಕಿಗಳೆಲ್ಲ ಟ್ರ್ಯಾಕ್ಟರ್ ಹಿಂದೆ ಹೋಗುತ್ತವೆ, ಹೊಂಡದ ಕಡೆ ತಲೆ ಹಾಕಲ್ಲ. ನಾಲೆ ನಿಂತು ಕೆರೆ ಬತ್ತಿದಾಗ ಸುತ್ತಲಿನ ಹಕ್ಕಿಗಳಿಗೆಲ್ಲ ನಮ್ಮ ಹೊಂಡವೇ ಗತಿ. ಆಗ ನನ್ನ ಮೀನು ಅರ್ಧ ಕೆಜಿ ಆಸುಪಾಸು ಇರುವ ಹಾಗೆ ಮಳೆಗಾಲದಲ್ಲೇ ಮರಿ ತರುತ್ತೇನೆ. ಬಲೆ ಬಿಚ್ಚಿದ ಮೇಲೆ ಕೊಟ್ಟಿಗೆ ಮೂಲೆಗೆ ಎಸೆಯಬೇಡಿ, ಇಲಿ ಕಡಿದು ಹಾಕುತ್ತೆ. ಸುತ್ತಿ, ಜಂತೆಗೆ ತಂತಿಯಲ್ಲಿ ನೇತು ಹಾಕಿ.